ಕೊಂಬಿಲ್ಲದ ಗಂಡಿಗೂ ಸಂತಾನವುಂಟೆ?

ಪ್ರಶ್ನೆ: ಸಗಣಿ ಹುಳುಗಳ ಒಂದೇ ಜಾತಿಯಲ್ಲಿ ದೊಡ್ಡ ಗಂಡುಗಳಿಗೆ ಉದ್ದನೆಯ ಕೊಂಬಿದ್ದು, ಸಣ್ಣವಕ್ಕೆ ಇರುವುದಿಲ್ಲವೆಂದು ಓದಿದೆ. ಹಾಗಾದರೆ ಸಣ್ಣ ಗಂಡುಗಳು ಸಂತಾನವಿಲ್ಲದೆ ಸಾಯುತ್ತವೆಯೇ? ಹೆಣ್ಣಿನ ಗಾತ್ರಕ್ಕೂ ಮಹತ್ವವಿದೆಯೇ?

ಉತ್ತರ: ಹಾಗೇನೂ ಇಲ್ಲ. ಆನ್ಥೊಫೇಗಸ್ ಕುಲದ ಹೆಣ್ಣು ಸಗಣಿಯ ಅಡಿಯಲ್ಲೇ ಸುರಂಗ ಕೊರೆದು, ಸಗಣಿಯನ್ನು ಕೆಳಗೆ ಸಾಗಿಸಿ ಉಂಡೆ ಮಾಡಿ, ಉಂಡೆಗೊಂದರಂತೆ ಮೊಟ್ಟೆಯಿಡುತ್ತದೆ. ಕೊಂಬುಳ್ಳ ದೊಡ್ಡ ಗಂಡು ಸುರಂಗದ ಬಾಯಿ ಕಾಯುತ್ತ, ಒಳನುಗ್ಗಲು ಬರುವ ಗಂಡುಗಳನ್ನು ಕೊಂಬಿನಿಂದ ಹೊರದಬ್ಬುತ್ತದೆ; ಈ ನೇರ ಕಾಳಗದಲ್ಲಿ ಸಾಮಾನ್ಯವಾಗಿ ದೊಡ್ಡದ್ದೇ ಗೆಲ್ಲುತ್ತದೆ. ಸಣ್ಣ ಗಂಡು ಹೆಚ್ಚಾಗಿ ದೊಡ್ಡದರೊಡನೆ ಕಾಳಗಕ್ಕೇ ಇಳಿಯುವುದಿಲ್ಲ. ಪನಾಮಾದ ಬ್ಯಾರೊ ಕೊಲರಾಡೊ ದ್ವೀಪದಲ್ಲಿ ಜೀವವಿಜ್ಞಾನಿ ಡಗ್ಲಸ್ ಎಮ್ಲೆನ್ 1990ರ ದಶಕದಲ್ಲಿ ಮಣ್ಣು ತುಂಬಿದ ಗಾಜಿನ ತೆಳು ಪೆಟ್ಟಿಗೆಗಳಲ್ಲಿ ಈ ಹುಳುಗಳನ್ನಿಟ್ಟು ಗಮನಿಸಿದಾಗ, ಕೊಂಬಿಲ್ಲದ ಗಂಡು ಪಕ್ಕದಲ್ಲೇ ಇನ್ನೊಂದು ಸುರಂಗ ತೋಡಿ, ಕಾವಲು ನಿಂತ ಗಂಡಿಗಿಂತ ಕೆಳಗೆ ಅಡ್ಡಲಾಗಿ ನುಸುಳಿ ಹೆಣ್ಣನ್ನು ಸೇರುವುದು ಕಂಡುಬಂತು. ಇಕ್ಕಟ್ಟಾದ ಆ ದಾರಿಯಲ್ಲಿ ಚುರುಕಾಗಿ ಓಡಾಡಲು ಕೊಂಬು ಇಲ್ಲದಿರುವುದೇ ಅನುಕೂಲ. ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುವುದರಿಂದ ಪೈಪೋಟಿ ಅದರ ದೇಹದೊಳಗೆ ವೀರ್ಯಾಣುಗಳ ನಡುವೆಯೂ ಮುಂದುವರಿಯುತ್ತದೆ. ಇದೇ ಕುಲದ ಬೈನೋಡಿಸ್ ಎಂಬ ಪ್ರಭೇದದಲ್ಲಿ ಸಣ್ಣ ಗಂಡುಗಳ ವೃಷಣಗಳು ದೇಹಕ್ಕೆ ಹೋಲಿಸಿದರೆ ದೊಡ್ಡವಾಗಿರುತ್ತವೆ.

ಇವುಗಳಲ್ಲಿ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಯಿ ಕಟ್ಟಿಟ್ಟ ಸಗಣಿಯ ಉಂಡೆ ಎಂಬುದೇ ನನಗೆ ಅತ್ಯಂತ ಗಮನಾರ್ಹವೆನಿಸುತ್ತದೆ. ಉಂಡೆ ಚಿಕ್ಕದಾದರೆ ಮರಿಹುಳು ಸೊರಗುತ್ತದೆ. ಅದರ ಬೆಳವಣಿಗೆ ಒಂದು ಮಿತಿಯನ್ನು ಮುಟ್ಟದಿದ್ದರೆ ಕೊಂಬು ಮೂಡುವುದೇ ಇಲ್ಲ, ಪ್ರೌಢಾವಸ್ಥೆಗೆ ಬಂದ ಮೇಲೆ ಬೆಳೆಯುವ ಅವಕಾಶವೂ ಇಲ್ಲ. ಕೊಂಬು ಬೆಳೆಸುವುದಕ್ಕೂ ಬೆಲೆ ತೆರಬೇಕಾಗುತ್ತದೆ: ತಲೆಯ ಹಿಂಭಾಗದಲ್ಲಿ ಕೊಂಬು ಬೆಳೆಯುವ ಪ್ರಭೇದಗಳಲ್ಲಿ ಅದಕ್ಕೆ ತಕ್ಕಂತೆ ಕಣ್ಣುಗಳು ಚಿಕ್ಕದಾಗುತ್ತವೆ.

ಹೆಣ್ಣಿನ ವಿಷಯಕ್ಕೆ ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಉದಾಹರಣೆಯಿದೆ. ಅಲಸಂದೆ, ಹೆಸರು ಕಾಳುಗಳಿಗೆ ದುಂಡನೆಯ ತೂತು ಕೊರೆದು ಹೊರಬರುವ ದುಂಬಿಗೆ ಆಮೇಲೆ ಆಹಾರವೇ ಬೇಕಿಲ್ಲ; ಮರಿಹುಳುವಾಗಿದ್ದಾಗ ಕಾಳಿನೊಳಗೆ ಕೂಡಿಟ್ಟ ಸಾರದಿಂದಲೇ ಅದು ಮೊಟ್ಟೆಗಳನ್ನು ರೂಪಿಸಬೇಕು. ಹೀಗಾಗಿ ಮೈತುಂಬಿದ ಹೆಣ್ಣು ಹೆಚ್ಚು ಮೊಟ್ಟೆಯಿಡುತ್ತದೆ. ಒಂದೇ ಕಾಳನ್ನು ಹಲವು ಮರಿಹುಳುಗಳು ಹಂಚಿಕೊಂಡರೆ ಹೊರಬರುವ ದುಂಬಿಗಳು ಸಣ್ಣವಾಗುತ್ತವೆ. ಆದ್ದರಿಂದ ಹೆಣ್ಣು ಮೊಟ್ಟೆಯಿಡುವ ಮುನ್ನ ಕಾಳನ್ನು ಪರೀಕ್ಷಿಸಿ, ಈಗಾಗಲೇ ಮೊಟ್ಟೆ ಅಂಟಿರುವ ಕಾಳುಗಳನ್ನು ಸಾಧ್ಯವಾದಷ್ಟೂ ಬಿಟ್ಟು, ಖಾಲಿಯಿರುವುದನ್ನೇ ಆರಿಸಿಕೊಳ್ಳುತ್ತದೆ.