ಗೆರೆ ಇದೆ, ಆದರೆ ಮೌಲ್ಯ ಸೊನ್ನೆ

ಪ್ರಶ್ನೆ: ಆಟೋಸಾರ್ ಕ್ಲಾಸಿಕ್ (ವಾಹನ ಸಾಫ್ಟ್‌ವೇರಿನ ಒಂದು ಮಾನದಂಡ) ಮಾದರಿಯಲ್ಲಿ ಚಕ್ರದ ವೇಗ ಕೊಡುವ ಕಾಂಪೊನೆಂಟ್‌ನಿಂದ, ಅಂದರೆ ಸಾಫ್ಟ್‌ವೇರ್ ಘಟಕದಿಂದ, ಕ್ರೂಸ್ ಕಂಟ್ರೋಲ್‌ಗೆ ಗೆರೆ ಎಳೆದಿದ್ದೇವೆ. ಟೂಲ್ ದೋಷ ತೋರಿಸುತ್ತಿಲ್ಲ. ಆದರೂ ವೇಗ ಸದಾ 0. ಕಾಂಪೊನೆಂಟ್‌ಗಳ ನಡುವೆ ಡೇಟಾ ಸಾಗಿಸುವ ಕೋಡನ್ನು (ಆರ್‌ಟಿಇ) ಹುಟ್ಟಿಸುವ ಆರ್‌ಟಿಇ ಜನರೇಟರ್‌ನಲ್ಲಿ ಬಗ್ ಇದೆಯೇ?

ಉತ್ತರ: ಇಲ್ಲ. ಸಿಗ್ನಲ್ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ದೂರು ಪ್ರತಿಸಲವೂ ಜನರೇಟರ್ ಮೇಲೆ!

ಚಿತ್ರ ಮುಚ್ಚಿ, ಮಾದರಿಯನ್ನು ಪಠ್ಯವಾಗಿ ಬರೆದಿಟ್ಟ ಎಆರ್‌ಎಕ್ಸ್‌ಎಂಎಲ್ ಫೈಲ್ ತೆರೆಯಿರಿ. ಕ್ರೂಸ್ ಕಂಟ್ರೋಲ್ ಒಂದು ಕಾಂಪೊಸಿಷನ್ (ಹಲವು ಕಾಂಪೊನೆಂಟ್‌ಗಳ ಗುಂಪು) ಒಳಗಿದ್ದರೆ, ನೀವು ಹೊರಗೆ ಎಳೆದ ಗೆರೆ, ಅಂದರೆ ಅಸೆಂಬ್ಲಿ ಕನೆಕ್ಟರ್, ಆ ಕಾಂಪೊಸಿಷನ್‌ನ ಪೋರ್ಟ್ (ಡೇಟಾ ಒಳಬರುವ, ಹೊರಹೋಗುವ ಬಾಗಿಲು) ವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಒಳಗಿನ ಪೋರ್ಟ್‌ಗೆ ಇನ್ನೊಂದು ಗೆರೆ, ಡೆಲಿಗೇಶನ್ ಕನೆಕ್ಟರ್, ಬೇಕೇ ಬೇಕು. ಮೇಲಿನ ಹಂತದ ಚಿತ್ರದಲ್ಲಿ ಒಳಭಾಗವೇ ಕಾಣದು, ಇನ್ನು ಅಲ್ಲಿನ ಕೊರತೆ ಎಲ್ಲಿಂದ ಕಂಡೀತು?

ಆ ಕೊರತೆಗೆ ಟೂಲ್ ದೋಷ ತೋರಿಸದು, ಏಕೆಂದರೆ ಸಂಪರ್ಕವಿಲ್ಲದ ರಿಸೀವರ್ (ಪಡೆಯುವ) ಪೋರ್ಟ್ ಆಟೋಸಾರ್ ನಿಯಮಕ್ಕೆ ವಿರುದ್ಧವಲ್ಲ. ಓದಿದಾಗ ಆರಂಭಿಕ ಮೌಲ್ಯ ಸಿಗುತ್ತದೆ, ಜೊತೆಗೆ ಓದುವ ಫಂಕ್ಷನ್ ಆರ್‌ಟಿಇ ರೀಡ್ 134, ಅಂದರೆ 'ಸಂಪರ್ಕವಿಲ್ಲ', ಎಂಬ ಕೋಡ್ ಹಿಂದಿರುಗಿಸುತ್ತದೆ. ಆ ಕೋಡನ್ನು ನಿಮ್ಮ ರನ್ನಬಲ್ (ಕಾಂಪೊನೆಂಟ್ ಒಳಗೆ ಓಡುವ ಫಂಕ್ಷನ್) ನೋಡುತ್ತಲೇ ಇಲ್ಲ. ಆರಂಭಿಕ ಮೌಲ್ಯ 0 ಎಂದಿಟ್ಟಿದ್ದರಿಂದ 'ಗಾಡಿ ನಿಂತಿದೆ' ಎಂಬ ಸುಳ್ಳನ್ನು ಕ್ರೂಸ್ ಕಂಟ್ರೋಲ್ ನಂಬುತ್ತಿದೆ. ಇದು ಅಪಾಯ. 16 ಬಿಟ್ ವೇಗಕ್ಕೆ 65535 ಅನ್ನು ಅಮಾನ್ಯ ಮೌಲ್ಯವೆಂದು ಕಾದಿರಿಸಿ, ಆರಂಭಿಕ ಮೌಲ್ಯವೂ ಅದೇ ಇರಲಿ. ಅದು ಬಂದಾಗ ಕ್ರೂಸ್ ಚಾಲೂ ಆಗಕೂಡದು.

ಎರಡೂ ಕಾಂಪೊನೆಂಟ್ ಬೇರೆ ಬೇರೆ ಇಸಿಯುಗಳಲ್ಲಿದ್ದರೆ (ವಾಹನದ ಕಂಪ್ಯೂಟರ್ ಘಟಕಗಳು) ಡೇಟಾ ಎಲಿಮೆಂಟನ್ನು, ಅಂದರೆ ಪೋರ್ಟ್‌ನಲ್ಲಿ ಸಾಗುವ ಮೌಲ್ಯವನ್ನು, ಬಸ್ ಮೇಲೆ ಹೋಗುವ ಸಿಸ್ಟಮ್ ಸಿಗ್ನಲ್‌ಗೆ ಮ್ಯಾಪ್ ಮಾಡಿದ್ದೀರಾ ನೋಡಿ. ಮಾಡದಿದ್ದರೆ ವೇಗ ಇಸಿಯುಗಳನ್ನು ಜೋಡಿಸುವ ಕ್ಯಾನ್ ಬಸ್ ಮುಟ್ಟುವುದೇ ಇಲ್ಲ.

ಇಷ್ಟೆಲ್ಲ ಸರಿಯಾದ ಮೇಲೆ ನಿಮ್ಮ ಮುಂದಿನ ದೂರು 'ತಡವಾಗಿ ಬರುತ್ತಿದೆ' ಎಂದಿರುತ್ತದೆ. ಕಳಿಸುವ ರನ್ನಬಲ್ 10 ಮಿಲಿಸೆಕೆಂಡಿಗೊಮ್ಮೆ, ಕ್ಯಾನ್ ಫ್ರೇಮ್ (ಬಸ್ ಮೇಲಿನ ಸಂದೇಶ) 20ಕ್ಕೊಮ್ಮೆ, ಓದುವ ರನ್ನಬಲ್ 10ಕ್ಕೊಮ್ಮೆ. ಇವು ಒಂದಕ್ಕೊಂದು ತಾಳ ಹೊಂದಿಲ್ಲದಿದ್ದರೆ ಕಾಯುವುದರಲ್ಲೇ 40 ಮಿಲಿಸೆಕೆಂಡ್‌ವರೆಗೆ ಹೋದೀತು. ಬಸ್ಸಿನ ಮತ್ತು ಕೋಡಿನ ಸಮಯ ಬೇರೆ. ಗೆರೆ ಎಳೆಯುವಾಗಲೇ ಆ ಸಿಗ್ನಲ್ಲಿಗೆ ಎಷ್ಟು ವಿಳಂಬ ಸಹ್ಯ ಎಂದು ಬರೆದಿಡಿ.

'ವ್ಯಾಲಿಡೇಶನ್ ಹಸಿರು ಬಂದರೆ ಆರ್ಕಿಟೆಕ್ಚರ್ ಸರಿ' ಎಂದು ಹೇಳಿಕೊಡುವ ವಾರಾಂತ್ಯದ ಕೋರ್ಸ್‌ಗಳಿಗೆ ದುಡ್ಡು ಸುರಿಯಬೇಡಿ. ಹಸಿರು ಎಂದರೆ ಟೂಲಿನ ನಿಯಮ ಮುರಿದಿಲ್ಲ ಎಂದಷ್ಟೇ ಅರ್ಥ.

ಪ್ರಶ್ನೆ: ಪವರ್‌ಪಾಯಿಂಟ್ ಚಿತ್ರವನ್ನೇ ಆರ್ಕಿಟೆಕ್ಚರ್ ದಾಖಲೆ ಎಂದು ಇಟ್ಟುಕೊಳ್ಳಬಹುದೇ?

ಉತ್ತರ: ಬೇಡ. ಅದರಿಂದ ಕೋಡ್ ಹುಟ್ಟುವುದಿಲ್ಲ, ಮಾದರಿ ಬದಲಾದಾಗ ಅದು ಬದಲಾಗುವುದೂ ಇಲ್ಲ.

ಪ್ರಶ್ನೆ: ಎಲ್ಲ ಪೋರ್ಟ್‌ಗಳನ್ನೂ ಕ್ಲೈಂಟ್-ಸರ್ವರ್ (ಒಬ್ಬರು ಕೇಳಿ, ಇನ್ನೊಬ್ಬರು ಸೇವೆ ಕೊಡುವ ರೀತಿ) ಮಾಡಿದರೆ ಸುಲಭವಲ್ಲವೇ?

ಉತ್ತರ: ಬೇಡ. ವೇಗ, ತಾಪಮಾನದಂಥ ಮೌಲ್ಯಗಳಿಗೆ ಸೆಂಡರ್-ರಿಸೀವರ್ (ಒಬ್ಬರು ಕಳಿಸಿ, ಇನ್ನೊಬ್ಬರು ಓದುವ ರೀತಿ) ಬಳಸಿ.