ಸ್ಕ್ವಿಡ್ ಪ್ರಾಕ್ಸಿ ಪದೇ ಪದೇ ಕ್ರ್ಯಾಶ್ ಆಗ್ತಿದೆ, ಲಾಗ್‌ನಲ್ಲಿ ಎರರ್ ಇಲ್ಲ. ಏನು ಮಾಡಲಿ?

4 ಜಿಬಿ ರ‍್ಯಾಮ್ ಇರುವ ಸರ್ವರ್‌ನಲ್ಲಿ ಸ್ಕ್ವಿಡ್ (ಬಳಕೆದಾರರ ಪರವಾಗಿ ವೆಬ್ ಪುಟ ತಂದು, ಅದರ ಪ್ರತಿಯನ್ನು ಕ್ಯಾಶ್ ಆಗಿ ಇಟ್ಟುಕೊಳ್ಳುವ ಸಾಫ್ಟ್‌ವೇರ್) ದಿನಾ ಮಧ್ಯಾಹ್ನ ನಿಂತುಹೋಗುತ್ತದೆ, ಕ್ಯಾಶ್ ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ ಅಂತ ಬರೆದಿದ್ದೀರಿ. ಎರರ್ ಇಲ್ಲದಿರುವುದೇ ದೊಡ್ಡ ಸುಳಿವು. ಸ್ಕ್ವಿಡ್ ತನ್ನ ಒಳಗಿನ ತೊಂದರೆಯಿಂದ ಬಿದ್ದರೆ ಸಾಮಾನ್ಯವಾಗಿ 'ಫೇಟಲ್' ಅಂತಲೋ 'ಅಸರ್ಷನ್ ಫೇಲ್ಡ್' ಅಂತಲೋ ಒಂದು ಸಾಲು ಬರೆದೇ ಬೀಳುತ್ತದೆ. ಏನೂ ಬರೆಯದೆ ಹೋಗಿದೆ ಅಂದ್ರೆ ಮೆಮೊರಿ ಸಾಲದೆ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಂನ ತಿರುಳು) ಅದನ್ನು ಕೊಂದಿರುವ ಸಾಧ್ಯತೆ ಜಾಸ್ತಿ. ರೂಟ್ ಆಗಿ ಡಿಮೆಸ್ಗ್ (ಕರ್ನಲ್ ಸಂದೇಶಗಳನ್ನು ತೋರಿಸುವ ಕಮಾಂಡ್, dmesg) ಕೊಟ್ಟು 'ಔಟ್ ಆಫ್ ಮೆಮೊರಿ' ಅಂತ ಹುಡುಕಿ, ಅದರ ಜೊತೆ ಸ್ಕ್ವಿಡ್ ಹೆಸರು ಇದ್ದರೆ ಅನುಮಾನವೇ ಬೇಡ.

ನಿಮ್ಮ ಕಾನ್ಫಿಗ್ ನೋಡಿದರೆ ಲೆಕ್ಕ ಹಾಗೇ ಬರುತ್ತದೆ. ಕ್ಯಾಶ್_ಮೆಮ್ 2 ಜಿಬಿ ಕೊಟ್ಟಿದ್ದೀರಿ. ತುಂಬಾ ಜನ ಇದನ್ನು ಸ್ಕ್ವಿಡ್ ಬಳಸುವ ಒಟ್ಟು ಮೆಮೊರಿಯ ಮಿತಿ ಅಂದುಕೊಳ್ಳುತ್ತಾರೆ, ಅದು ಹಾಗಲ್ಲ. ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಫೈಲ್‌ಗಳಿಗೆ ಮಾತ್ರ ಆ ಮಿತಿ. ಡಿಸ್ಕ್‌ನಲ್ಲಿ ಏನೇನಿದೆ ಅನ್ನುವ ಇಂಡೆಕ್ಸ್ ಕೂಡ ರ‍್ಯಾಮ್‌ನಲ್ಲೇ ಕೂರುತ್ತದೆ, 64 ಬಿಟ್ ಮಷಿನ್‌ನಲ್ಲಿ ಡಿಸ್ಕ್ ಕ್ಯಾಶ್‌ನ ಪ್ರತಿ 1 ಜಿಬಿಗೆ ಸುಮಾರು 14 ಎಂಬಿ. ಡಿಸ್ಕ್ ಕ್ಯಾಶ್ ಎಷ್ಟು ದೊಡ್ಡದು ಅಂತ ಹೇಳುವ ನಿಮ್ಮ ಕ್ಯಾಶ್_ಡಿರ್ 100 ಜಿಬಿ, ಅಂದರೆ ಅದು ತುಂಬಿದಾಗ 1.4 ಜಿಬಿ ಅಲ್ಲಿಗೇ ಹೋಯಿತು. ಎರಡೂ ಸೇರಿ 3.4 ಜಿಬಿ. ಇನ್ನು ಕನೆಕ್ಷನ್‌ಗಳ ಬಫರ್, ಆಪರೇಟಿಂಗ್ ಸಿಸ್ಟಂ ಎಲ್ಲಾ ಉಳಿದದ್ದರಲ್ಲೇ ಆಗಬೇಕಲ್ವಾ? ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಬಳಸುವ ಹೊತ್ತಿಗೆ ಸಾಲುವುದಿಲ್ಲ.

ಕ್ಯಾಶ್_ಮೆಮ್ 256 ಎಂಬಿಗೆ ಇಳಿಸಿ, ಡಿಫಾಲ್ಟ್ ಕೂಡ ಅಷ್ಟೇ. ಕ್ಯಾಶ್_ಡಿರ್ ಸಾಲಿನಲ್ಲಿ 100000 ಇರುವ ಕಡೆ 20000 ಹಾಕಿ (ಇದು ಎಂಬಿ ಲೆಕ್ಕ). ವೇಗ ಕಡಿಮೆಯಾಗುತ್ತದೆ ಅನ್ನೋ ಭಯ ಬೇಡ. ಈಗ ಹೆಚ್ಚಿನ ಸೈಟ್‌ಗಳು ಎಚ್‌ಟಿಟಿಪಿಎಸ್, ನೀವು ಎಸ್‌ಎಸ್‌ಎಲ್ ಬಂಪ್ (ಗೂಢಲಿಪಿಯ ಟ್ರಾಫಿಕ್ಕನ್ನು ಮಧ್ಯದಲ್ಲಿ ಬಿಚ್ಚಿ ನೋಡುವ ವ್ಯವಸ್ಥೆ) ಹಾಕಿಲ್ಲವಾದ್ದರಿಂದ ಆ ಟ್ರಾಫಿಕ್ ಸುರಂಗದಲ್ಲಿ ಹೋದ ಹಾಗೆ ಹೋಗುತ್ತದೆ, ಅದರಲ್ಲಿ ಕ್ಯಾಶ್ ಮಾಡಲು ಸ್ಕ್ವಿಡ್‌ಗೆ ಏನೂ ಸಿಗುವುದಿಲ್ಲ. 100 ಜಿಬಿ ಸುಮ್ನೆ ದಂಡ.

ಬದಲಾಯಿಸಿದ ಮೇಲೆ ರೀಸ್ಟಾರ್ಟ್ ಮಾಡುವ ಮೊದಲು 'ಸ್ಕ್ವಿಡ್ -ಕೆ ಪಾರ್ಸ್' ಓಡಿಸಿ, ಕಾನ್ಫಿಗ್‌ನಲ್ಲಿ ತಪ್ಪಿದ್ದರೆ ಅಲ್ಲೇ ಹೇಳುತ್ತದೆ.

ಸ್ಕ್ವಿಡ್ ಬಿದ್ದಾಗೆಲ್ಲ ಎಬ್ಬಿಸಲು ಹಾಕಿರುವ ಆ ಕ್ರಾನ್ ಸ್ಕ್ರಿಪ್ಟ್ (ನಿಗದಿತ ಹೊತ್ತಿಗೆ ತಾನಾಗಿಯೇ ಓಡುವ ಸ್ಕ್ರಿಪ್ಟ್) ದಯವಿಟ್ಟು ತೆಗೆಯಿರಿ. ಅರ್ಧಕ್ಕೆ ಸತ್ತ ಸ್ಕ್ವಿಡ್ ಎದ್ದ ಕೂಡಲೇ ಇಡೀ ಇಂಡೆಕ್ಸ್ ಮತ್ತೆ ಕಟ್ಟಲು ಶುರು ಮಾಡುತ್ತದೆ, ಲಾಗ್‌ನಲ್ಲಿ 'ರೀಬಿಲ್ಡಿಂಗ್ ಸ್ಟೋರೇಜ್' ಪಕ್ಕ 'ಡರ್ಟಿ' ಅಂತ ಕಾಣುತ್ತದೆ ನೋಡಿ. ಡಿಸ್ಕ್ ಮೇಲೆ ಇನ್ನಷ್ಟು ಭಾರ, ಅಷ್ಟೇ.

ಡಿಮೆಸ್ಗ್‌ನಲ್ಲಿ ಏನೂ ಸಿಗದಿದ್ದರೆ 'ಸ್ಕ್ವಿಡ್ -ವಿ' ಕೊಟ್ಟಾಗ ಬರುವ ವರ್ಷನ್, ಜೊತೆಗೆ ಅದು ನಿಂತ ಹೊತ್ತಿನ ಸಿಸ್‌ಲಾಗ್ ಸಾಲುಗಳನ್ನು ಇಲ್ಲಿ ಹಾಕಿ, ನೋಡೋಣ.