ಗುಪ್ತಚರ ಸಂಸ್ಥೆಗಳಿಗೆ ಕಾನೂನು ತಂದರೆ ಅವುಗಳ ಕೈ ಕಟ್ಟಿದಂತಾಗುವುದಿಲ್ಲವೇ?

ಆಗುವುದಿಲ್ಲ. ನಾನು ಕಲಬುರಗಿಯಲ್ಲಿ ವಕೀಲಿ ಮಾಡುತ್ತೇನೆ, ಗುಪ್ತಚರ ಕೆಲಸದ ಒಳಗಿನವನಲ್ಲ. ಆದರೆ ಲೆಕ್ಕ ಕೇಳುವವರಿಲ್ಲದ ಅಧಿಕಾರ ಹೇಗೆ ಸಡಿಲಾಗುತ್ತದೆ ಎಂಬುದನ್ನು ಬಲ್ಲೆ. ಆ ನೆಲೆಯಿಂದಲೇ ಉತ್ತರಿಸುತ್ತೇನೆ.

ದೇಶದೊಳಗಿನ ಗುಪ್ತಚರ ಕೆಲಸ ನೋಡುವ ಐಬಿಯ ಬೇರು 1887ರ ಬ್ರಿಟಿಷ್ ಆಡಳಿತದಲ್ಲಿದೆ. 1968ರಲ್ಲಿ ಅದರಿಂದ ಬೇರ್ಪಡಿಸಿ, ಹೊರದೇಶಗಳ ಗುಪ್ತಚರ ಕೆಲಸಕ್ಕೆಂದು ‘ರಾ’ ಕಟ್ಟಲಾಯಿತು. ಇವೆರಡರ ಅಧಿಕಾರವೇನು, ಮಿತಿಯೇನು ಎಂದು ಹೇಳುವ ಒಂದು ಕಾಯ್ದೆಯನ್ನೂ ಸಂಸತ್ತು ಇಂದಿಗೂ ಮಾಡಿಲ್ಲ. ನಮ್ಮ ರೈತರು ತೊಗರಿ ಮಾರುವ ಎಪಿಎಂಸಿಗೂ ಕಾಯ್ದೆಯಿದೆ! ಭಯೋತ್ಪಾದನೆ ಪ್ರಕರಣಗಳ ತನಿಖೆ ನಡೆಸುವ ಎನ್‌ಐಎಗೆ 2008ರಲ್ಲಿ ಕಾಯ್ದೆ ಬಂತು, ಅದರಿಂದ ಅದರ ಕೆಲಸವೇನೂ ನಿಲ್ಲಲಿಲ್ಲ. ಬ್ರಿಟನ್ ತನ್ನ ಗುಪ್ತಚರ ಸಂಸ್ಥೆಗಳಿಗೆ 1989 ಮತ್ತು 1994ರಲ್ಲಿ ಕಾನೂನು ತಂದು, ಮೇಲೊಂದು ಸಂಸದರ ಸಮಿತಿಯನ್ನೂ ಕೂರಿಸಿತು. ನಮ್ಮಲ್ಲಿ 2011ರಲ್ಲಿ ಸಂಸದ ಮನೀಶ್ ತಿವಾರಿ ಇಂಥದೇ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಅದು ಕಾಯ್ದೆಯಾಗಲಿಲ್ಲ.

ದೂರವಾಣಿ ಕದ್ದಾಲಿಕೆಯ ವಿಚಾರ ಕರ್ನಾಟಕದವರಿಗೆ ಹೊಸದಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದೇ ಆ ಆರೋಪದ ಮೇಲೆ. 1996ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ನಿಯಮ ಹಾಕಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆ ಆದೇಶವನ್ನು ಪರಿಶೀಲನಾ ಸಮಿತಿಯೊಂದು ನೋಡಬೇಕು. ಆ ಸಮಿತಿಯಲ್ಲಿ ಕೂರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಆದೇಶ ಕೊಡುವವರೂ ಅವರೇ, ಅದು ಸರಿಯೇ ಎಂದು ನೋಡುವವರೂ ಅವರೇ. ನ್ಯಾಯಾಧೀಶರೊಬ್ಬರು ಮೊದಲೇ ಕಡತ ನೋಡಿ ಒಪ್ಪಿಗೆ ಕೊಡುವ ಪದ್ಧತಿ ಇಲ್ಲವೇ ಇಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಬಂದ ಮೇಲೂ ಇದು ಹೀಗೇ ಉಳಿದಿರುವುದು ನನಗೆ ಸಹಿಸಲಾಗದ ಸಂಗತಿ.

ಇದಕ್ಕಿಂತ ಹೆಚ್ಚು ನೋಯಿಸುವುದು ಅವಧಿಯೇ ಇಲ್ಲದ ಗೋಪ್ಯತೆ. ಭೂಮಿ ವ್ಯಾಜ್ಯವೊಂದಕ್ಕಾಗಿ ಹುಮನಾಬಾದ್ ಕಡೆಯ ಹಿರಿಯರೊಬ್ಬರು ಉರ್ದುವಿನ ಹಳೆಯ ಪಹಣಿ ತಂದಿದ್ದರು. ಅಂಚು ಪುಡಿಯಾಗುತ್ತಿದ್ದ ಆ ಕಾಗದದಲ್ಲಿ ತಮ್ಮ ಅಜ್ಜನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟು, ‘ಪೊಲೀಸ್ ಆಕ್ಷನ್‌ನಲ್ಲಿ ಹೋದರು’ ಎಂದಷ್ಟೇ ಹೇಳಿದರು. ಎಲ್ಲಿ, ಹೇಗೆ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಹೈದರಾಬಾದ್ ನಿಜಾಮನ ಪರವಾಗಿದ್ದ ಸಶಸ್ತ್ರ ಪಡೆಯಾದ ರಜಾಕಾರರು 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆಸಿದ ಹತ್ಯಾಕಾಂಡವನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಸೇನಾ ಕಾರ್ಯಾಚರಣೆಯ, ಅಂದರೆ ಆ ‘ಪೊಲೀಸ್ ಆಕ್ಷನ್’ನ ನಂತರ ಮುಸ್ಲಿಮರ ಮೇಲೆ ನಡೆದ ಹತ್ಯೆಗಳ ಬಗ್ಗೆಯೂ ನೆಹರೂ ಸರ್ಕಾರ ಪಂಡಿತ್ ಸುಂದರಲಾಲರ ತಂಡವನ್ನು ಕಳುಹಿಸಿ ವರದಿ ತರಿಸಿಕೊಂಡಿತು. ಅತಿ ಹೆಚ್ಚು ನಲುಗಿದವೆಂದು ಆ ವರದಿ ಹೆಸರಿಸಿದ ಜಿಲ್ಲೆಗಳಲ್ಲಿ ನಮ್ಮ ಬೀದರ್, ಕಲಬುರಗಿಗಳೂ ಇವೆ. ಅದು ದಶಕಗಳ ಕಾಲ ಗುಟ್ಟಾಗಿಯೇ ಉಳಿಯಿತು. ಸಾರ್ವಜನಿಕರು ಅದನ್ನು ಓದುವಂತಾದದ್ದು 2013ರ ಹೊತ್ತಿಗೆ. ಅಷ್ಟರಲ್ಲಿ ಕಂಡವರು, ಉಂಡವರು ಬಹುತೇಕ ತೀರಿಕೊಂಡಿದ್ದರು. ಹೀಗೆ ಮುಚ್ಚಿಟ್ಟ ಕಾಗದ ಮೂರು ತಲೆಮಾರುಗಳಿಗೆ ಉತ್ತರ ಸಿಗದಂತೆ ಮಾಡಿತು.

ಇನ್ನು ನಿಮ್ಮ ಆತಂಕದ ಮಾತು: ಹೊರಗಿನವರು ನೋಡಿದರೆ ಶತ್ರುವಿಗೆ ಗುಟ್ಟು ಸಿಗುತ್ತದೆ ಎಂಬುದು. 1999ರ ಯುದ್ಧದ ಬಳಿಕ ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿ ಗುಪ್ತಚರ ಲೋಪಗಳನ್ನು ಬಿಡಿಸಿಟ್ಟಿತು. ಸೂಕ್ಷ್ಮ ಭಾಗಗಳನ್ನು ತೆಗೆದು ವರದಿಯನ್ನು ಸಂಸತ್ತಿನ ಮುಂದಿಟ್ಟರು. ಅದರಿಂದ ದೇಶ ಮುಳುಗಲಿಲ್ಲ. ರಕ್ಷಣಾ ಗುಪ್ತಚರ ಸಂಸ್ಥೆಯಂಥ ಹೊಸ ವ್ಯವಸ್ಥೆಗಳು ಹುಟ್ಟಿದ್ದು ಆ ಪರಿಶೀಲನೆಯ ಫಲವಾಗಿ. ಆದರೆ ಅಂಥದ್ದು ಯುದ್ಧ ನಡೆದು ಸೈನಿಕರು ಸತ್ತ ಮೇಲಷ್ಟೇ ಆಗಬೇಕೇ? ಪ್ರಮಾಣ ಸ್ವೀಕರಿಸಿದ, ವಿರೋಧ ಪಕ್ಷದವರೂ ಇರುವ ಪುಟ್ಟ ಸಂಸದೀಯ ಸಮಿತಿ ಬಾಗಿಲು ಮುಚ್ಚಿಕೊಂಡೇ ಕೂರಲಿ. ಗೂಢಚಾರರ ಹೆಸರು ಕೇಳುವುದು ಬೇಡ. ಹಣ ಎಲ್ಲಿ ಹೋಯಿತು, ಯಾರ ಫೋನನ್ನು ಯಾವ ಕಾರಣಕ್ಕೆ ಕದ್ದು ಕೇಳಿದಿರಿ, ಮುನ್ಸೂಚನೆ ಇದ್ದೂ ಯಾಕೆ ತಪ್ಪಿತು ಎಂದು ವರ್ಷಕ್ಕೊಮ್ಮೆಯಾದರೂ ಕೇಳಲಿ. ಮುಚ್ಚಿಟ್ಟ ಪ್ರತಿ ಕಡತಕ್ಕೂ ತೆರೆಯುವ ವರ್ಷವನ್ನು ಮೊದಲೇ ಬರೆದಿಡಲಿ.